ಉಪ್ಪಳದಲ್ಲಿ ನಾನು ಆರಿಸಿದ ಹೋಟೆಲು

ಪುತ್ತೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿದಾಗ ಹನ್ನೊಂದೂವರೆ ಗಂಟೆ. ೨೦೧೪ರ ಜನವರಿಯ ಕೊನೆ. ಬೆಳಗ್ಗಿನ ಚಳಿ ಹೋಗಿ ಮಧ್ಯಾಹ್ನದ ಸೆಕೆ ಆಗಲೇ ಶುರುವಾಗಿತ್ತು. ನನ್ನ ಬ್ಯಾಗಿನಲ್ಲಿ ಎರಡು ಸೀರೆ, ಒಂದು ಕಟ್ಟು ಹಲಸಿನ ಹಪ್ಪಳ, ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ಇದ್ದವು. ಹಪ್ಪಳ, ಉಪ್ಪಿನಕಾಯಿ ಎರಡೂ ನಫೀಸಾಳಿಗೆ. ಬಾಟಲಿ ಎಲ್ಲಿ ಸೋರುತ್ತದೋ ಎಂದು ವಿಟ್ಲ ದಾಟುವುದರೊಳಗೆ ಮೂರು ಸಲ ಮುಟ್ಟಿ ನೋಡಿದೆ.

ನಫೀಸಾ ಉಪ್ಪಳದವಳು. ಅಲ್ಲಿಂದ ಸ್ವಲ್ಪ ಒಳಗಿದ್ದ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷ ಒಟ್ಟಿಗೆ ಇದ್ದೆವು. ನಾನು ಕನ್ನಡ ಟೀಚರು, ಅವಳು ಹೊಲಿಗೆ ಟೀಚರು. ನನ್ನ ತವರು ಬೆಳ್ಳೂರಿನ ಕಡೆಯ ಮಡಿವಂತರ ಮನೆ, ಮದುವೆಯಾದ ಮನೆಯೂ ಅಂಥದ್ದೇ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಬುತ್ತಿಯ ಮುಚ್ಚಳ ತೆಗೆದರೆ ಅವಳು ಸಂಕೋಚವಿಲ್ಲದೆ ಕೈ ಹಾಕುತ್ತಿದ್ದಳು. ಅವಳ ಬುತ್ತಿ ಮಾತ್ರ ನನ್ನ ಕಡೆಗೆ ಬರುತ್ತಿರಲಿಲ್ಲ. ಅವಳ ಮನೆಗೆ ಹೋದರೆ ನನಗೆ ಎಳನೀರು, ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬಿಸ್ಕತ್ತಿನ ಪ್ಯಾಕೇಟು. ಆ ಒಲೆಯ ಮೇಲೆ ಬೆಂದದ್ದನ್ನು ನಾನು ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾನಾಗಿ ಹೇಳಿದ್ದಿಲ್ಲ, ಅವಳಾಗಿ ಕೇಳಿದ್ದೂ ಇಲ್ಲ. ಮೊದಮೊದಲು ಮನೆಯಲ್ಲಿ ಅತ್ತೆ ಇದ್ದಾರೆ ಎಂಬ ನೆವ ನನಗಿತ್ತು. ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾದರೂ ಬಾಳೆಹಣ್ಣೇ ಮುಂದುವರಿದಿತ್ತು.

ನಿವೃತ್ತಿಯಾದ ಮೇಲೆ ನಾನು ಪುತ್ತೂರಿಗೆ ಬಂದೆ. ಆಗಾಗ ಫೋನಿನಲ್ಲಿ ಮಾತು. ಆ ತಿಂಗಳ ಮೊದಲಲ್ಲಿ ಒಂದು ದಿನ ಅವಳು ಹೇಳಿದಳು: “ಈ ಸಲ ಬಂದರೆ ಒಂದು ಊಟ ನಾನು ಕೊಡುವುದು ಟೀಚರೇ. ಮನೆಯಲ್ಲಿ ಅಲ್ಲ, ಹೆದರಬೇಡಿ. ಹೋಟೆಲಿಗೆ ಹೋಗುವ. ಸಂಜೆ ಅರ್ಜೆಂಟಿಲ್ಲದೆ ಕೂತು, ಮಾತಾಡಿಕೊಂಡು ತಿನ್ನುವ. ನನಗೆ ಅದೊಂದು ಆಸೆ ಉಂಟು.”

ನಗುತ್ತಲೇ ಹೇಳಿದ್ದಳು. ಆ ನಗುವಿನ ಅಡಿಯಲ್ಲಿ ಏನಿತ್ತೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಇಷ್ಟು ವರ್ಷಗಳಲ್ಲಿ ಒಂದು ತುತ್ತನ್ನೂ ಅವಳು ನನಗೆ ಬಡಿಸಿರಲಿಲ್ಲ. ನಾನು ಹೊರಟದ್ದೇ ಆ ಒಂದು ಊಟಕ್ಕಾಗಿ.

ಸಾರಡ್ಕದ ಚೆಕ್‌ಪೋಸ್ಟ್ ದಾಟಿದ ಕೂಡಲೇ ಅಂಗಡಿಗಳ ಬೋರ್ಡಿನ ಮೇಲೆ ಮಲಯಾಳದ ಉರುಟು ಅಕ್ಷರ ಶುರು. ಪೆರ್ಲದಲ್ಲಿ ಬಸ್ಸು ಅರ್ಧ ಖಾಲಿಯಾಯಿತು. ಬದಿಯಡ್ಕದಲ್ಲಿ ಇಳಿದು, ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನಲ್ಲಿ ಎರಡು ಬನ್ಸು, ಒಂದು ಚಹಾ ಮುಗಿಸಿ, ಕುಂಬಳೆಯ ಬಸ್ಸು ಹಿಡಿದೆ. ಬನ್ಸು ತಣ್ಣಗಾಗಿದ್ದರೂ ಒಳ್ಳೆಯದಿತ್ತು. ಸೀತಾಂಗೋಳಿ ಮುಟ್ಟುವಾಗ ಬಸ್ಸಿನ ಹಿಂದಿನ ಟಯರು ಪಂಕ್ಚರ್ ಆಯಿತು. ಕಂಡಕ್ಟರು ಅರ್ಧ ಗಂಟೆ ಎಂದ. ಅದು ಮುಕ್ಕಾಲು ಗಂಟೆಯೆಂದು ನನಗೂ ಗೊತ್ತು, ಅವನಿಗೂ ಗೊತ್ತು.

ಈ ಮುಕ್ಕಾಲು ಗಂಟೆಯೇ ನನ್ನನ್ನು ಕೆಡಿಸಿತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಶಾಲೆಯ ಪ್ರವಾಸವಿದ್ದರೆ ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು ಎಂದು ನಿಶ್ಚಯಿಸುತ್ತಿದ್ದವಳು ನಾನೇ. ಹೋಟೆಲು ಆರಿಸುವುದರಲ್ಲಿ ನನಗೆ ದೊಡ್ಡ ಜಂಬವಿತ್ತು. ಮೊದಲು ಕೈತೊಳೆಯುವ ಜಾಗ ನೋಡಬೇಕು. ಕುಡಿಯುವ ನೀರಿನ ಲೋಟದ ಅಂಚು ನೋಡಬೇಕು. ಅದೇ ಬೀದಿಯವರು ಬಂದು ಕೂತಿದ್ದಾರೋ, ಇಲ್ಲ ದಾರಿಹೋಕರು ಮಾತ್ರವೋ ಎಂದು ನೋಡಬೇಕು. ಇಷ್ಟು ಸರಿಯಿದ್ದರೆ ಒಳಗೆ ಹೋಗಬಹುದು. ಈ ಪಾಠವನ್ನು ಎಷ್ಟೋ ಜನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.

ಜಂಕ್ಷನ್ನಿನ ನೆರಳಿನಲ್ಲಿ ರಿಕ್ಷಾ ನಿಲ್ಲಿಸಿಕೊಂಡಿದ್ದ ಒಬ್ಬ ಮಧ್ಯವಯಸ್ಸಿನ ಚಾಲಕನನ್ನು ಮಾತಿಗೆಳೆದೆ. ಉಪ್ಪಳದಲ್ಲಿ ಇಬ್ಬರು ಹೆಂಗಸರು ಸಂಜೆ ಕೂತು ಉಣ್ಣುವಂಥ ಹೋಟೆಲು ಯಾವುದುಂಟು ಎಂದು ಕೇಳಿದೆ.

“ಉಪ್ಪಳದಲ್ಲಿ ಎಂತ ಕಡಿಮೆ ಉಂಟಕ್ಕ? ಹೈವೇಯಲ್ಲಿ ಹೊಸತು ಒಂದು ಆಗಿದೆ. ವೆಜ್ಜೂ ಉಂಟು, ನಾನ್‌ವೆಜ್ಜೂ ಉಂಟು. ಎರಡಕ್ಕೂ ಅಡಿಗೆಮನೆ ಬೇರೆ ಬೇರೆ. ಎಸಿ ಉಂಟು. ಫ್ಯಾಮಿಲಿಗೆ ಮೇಲೆ ಬೇರೆಯೇ ಹಾಲ್” ಎಂದ ಅವನು.

“ನೀವು ಉಂಡಿದ್ದೀರಾ ಅಲ್ಲಿ?”

“ನಾನಾ? ಇಲ್ಲಪ್ಪ. ನಾನು ಮನೆಯಲ್ಲೇ ಉಣ್ಣುವುದು.”

ಅಷ್ಟು ಕೇಳಿದ ಮೇಲಾದರೂ ನಾನು ಎಚ್ಚರವಾಗಬೇಕಿತ್ತು. ನನ್ನ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು. ನಫೀಸಾ ಇಷ್ಟು ವರ್ಷ ನನಗೋಸ್ಕರ ಸಸ್ಯಾಹಾರಿ ಹೋಟೆಲಿಗೇ ಬಂದವಳು. ಈ ಸಲ ಅವಳು ಬಿರಿಯಾನಿ ತಿನ್ನಲಿ, ಎದುರಿಗೆ ಕೂತು ನಾನು ನನ್ನದು ತಿನ್ನುತ್ತೇನೆ. ಒಂದೇ ಮೇಜು, ಎರಡು ಬಗೆ. ನನ್ನ ದೊಡ್ಡ ಮನಸ್ಸನ್ನು ನಾನೇ ಮೆಚ್ಚಿಕೊಂಡೆ. ಅವಳು ಯಾವುದಾದರೂ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬಹುದೇ ಎಂದು ಒಂದು ಫೋನು ಮಾಡಿ ಕೇಳಲಿಲ್ಲ.

ಕುಂಬಳೆಯಲ್ಲಿ ಬಸ್ಸು ಬದಲಿಸಿ ಉಪ್ಪಳ ಮುಟ್ಟುವಾಗ ನಾಲ್ಕು ಗಂಟೆ ದಾಟಿತ್ತು. ಪೇಟೆ ನಾನು ಬಿಟ್ಟು ಹೋದಾಗಿನದಕ್ಕಿಂತ ಎರಡು ಮಹಡಿ ಎತ್ತರವಾಗಿತ್ತು. ಚಿನ್ನದಂಗಡಿ, ಚಪ್ಪಲಿ ಅಂಗಡಿ, ಗಾಜಿನ ಬಾಗಿಲಿನ ಬಟ್ಟೆ ಅಂಗಡಿ. ಸ್ಟೇಷನ್ನಿನ ಹತ್ತಿರ ನನ್ನ ಚಿಕ್ಕಮ್ಮನ ಮಗಳ ಮನೆಯಿದೆ. ರಾತ್ರಿ ಉಳಿಯುವುದು ಅಲ್ಲಿ. ಬ್ಯಾಗು ಇಟ್ಟು, ಮುಖ ತೊಳೆದು, ಸ್ವಲ್ಪ ಒರಗಿಕೊಂಡೆ.

ಆರು ಗಂಟೆಗೆ ನಫೀಸಾ ರಿಕ್ಷಾ ಮಾಡಿಕೊಂಡು ಬಂದಳು. ಇಸ್ತ್ರಿ ಹಾಕಿದ ನೀಲಿ ಸೀರೆ, ತಲೆಗೆ ಅದೇ ಬಣ್ಣದ ಶಾಲು. ಮೊಣಕಾಲು ನೋವು ಜಾಸ್ತಿಯಾಗಿ ರಿಕ್ಷಾದಿಂದ ಇಳಿಯಲು ಕಷ್ಟಪಡುತ್ತಿದ್ದಳು. ಮುಖದಲ್ಲಿ ಮಾತ್ರ ಶಾಲೆಯ ವಾರ್ಷಿಕೋತ್ಸವದ ದಿನದ ಕಳೆ. ಹಪ್ಪಳದ ಕಟ್ಟು ಮೂಸಿ ನೋಡಿ, “ನಿಮ್ಮ ಕೈಯದ್ದೇ” ಎಂದಳು.

ಪೇಟೆಯ ಕಡೆಗೆ ಹೋಗುವ ಬದಲು ರಿಕ್ಷಾ ಸ್ಟೇಷನ್ನಿನ ಹಿಂದಿನ ಓಣಿಗೆ ತಿರುಗಿತು. ಒಂದು ಹಂಚಿನ ಮನೆಯ ಮುಂದೆ ನಿಂತಿತು. ಜಗಲಿಯನ್ನೇ ಹೋಟೆಲು ಮಾಡಿದ್ದರು. ನಾಲ್ಕು ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಕೈಬರಹದ ಸಣ್ಣ ಬೋರ್ಡು. ಬೋರ್ಡಿನಲ್ಲಿ ಪತ್ತಿರಿ, ತುಪ್ಪದನ್ನ, ಕೋಳಿ, ಮೀನು ಎಂದು ಬರೆದಿತ್ತು. ಹಣೆಯ ಬೆವರು ಒರೆಸಿಕೊಳ್ಳುತ್ತ ನಲವತ್ತರ ಹೆಂಗಸೊಬ್ಬಳು ಹೊರಗೆ ಬಂದಳು.

“ಇವಳು ಸುಹರಾ” ಎಂದಳು ನಫೀಸಾ. “ಈ ಹೋಟೆಲು ಇವಳದ್ದೇ. ಅಡಿಗೆಯೂ ಇವಳೇ. ಬನ್ನಿ ಟೀಚರೇ, ಆ ಮೂಲೆಯ ಮೇಜು ನಮಗೆ.”

ಕೈತೊಳೆಯುವ ಜಾಗ ಕಂಡಿತು, ಬೆಳ್ಳಗಿತ್ತು. ಮೇಜಿನ ಮೇಲೆ ಕವುಚಿಟ್ಟ ಲೋಟಗಳು ಹೊಳೆಯುತ್ತಿದ್ದವು. ಆ ಕಡೆಯ ಮೇಜಿನಲ್ಲಿ ಅದೇ ಓಣಿಯ ಮುದುಕರಿಬ್ಬರು ಚಹಾ ಕುಡಿಯುತ್ತಿದ್ದರು. ನನ್ನ ಪಾಠದ ಪ್ರಕಾರ ನೂರಕ್ಕೆ ನೂರು ಅಂಕ. ಆದರೆ ನನ್ನ ಕಣ್ಣು ಬೋರ್ಡಿನ ಮೀನಿನ ಮೇಲೆ ನಿಂತಿತ್ತು.

“ಅಯ್ಯೋ, ಇಲ್ಲಿ ಬೇಡ ಮಾರಾಯ್ತಿ” ಎಂದೆ. “ಹೈವೇಯಲ್ಲಿ ಒಂದು ಒಳ್ಳೆಯದು ಆಗಿದೆಯಂತೆ, ನಾನು ವಿಚಾರಿಸಿಯೇ ಬಂದಿದ್ದೇನೆ. ನಿನಗೆ ಬಿರಿಯಾನಿಯೂ ಸಿಗುತ್ತದೆ. ಇಲ್ಲಿ ನನಗೋಸ್ಕರ ಇವರಿಗೆ ಯಾಕೆ ಸುಮ್ಮನೆ ಕಷ್ಟ?”

ನಫೀಸಾಳಿಗೋಸ್ಕರ ಹೇಳುತ್ತಿದ್ದೇನೆಂದು ಆ ಹೊತ್ತಿನಲ್ಲಿ ನನ್ನನ್ನು ನಾನು ನಂಬಿಸಿಕೊಂಡೆ. ಈಗ ಬರೆಯುವಾಗ ನಿಜ ಹೇಳಬೇಕು. ಅರ್ಧ ಅವಳಿಗೋಸ್ಕರ, ಅರ್ಧ ಆ ಒಲೆಯ ಭಯದಿಂದ.

“ಟೀಚರೇ, ಇಲ್ಲಿ ನಿಮಗೆ...” ಎಂದು ಅವಳು ಏನೋ ಹೇಳಹೊರಟಳು. ನಾನು ಆಗಲೇ ರಿಕ್ಷಾದವನಿಗೆ ದಾರಿ ಹೇಳತೊಡಗಿದ್ದೆ. ಅವಳು ಸುಹರಾಳ ಹತ್ತಿರ ಹೋಗಿ ಬ್ಯಾರಿ ಭಾಷೆಯಲ್ಲಿ ಮೆಲ್ಲನೆ ಎರಡು ಮಾತಾಡಿದಳು. ಸುಹರಾ ತಲೆಯಾಡಿಸಿದಳು. ಮತ್ತೆ ನಫೀಸಾ ಬಂದು ನನ್ನ ಪಕ್ಕದಲ್ಲಿ ಕೂತಳು.

ಹೈವೇಯ ಹೋಟೆಲಿನಲ್ಲಿ ಎಲ್ಲವೂ ಇತ್ತು. ಮೆಟ್ಟಿಲಿತ್ತು, ಅವಳ ಮೊಣಕಾಲಿಗೆ ಇಪ್ಪತ್ತೆರಡು ಮೆಟ್ಟಿಲು. ಗೋಡೆಯಷ್ಟು ದೊಡ್ಡ ಟಿವಿ ಇತ್ತು. ಎಸಿಯ ಗಾಳಿ ನೇರ ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ನಫೀಸಾ ಶಾಲನ್ನು ಎರಡು ಸುತ್ತು ಸುತ್ತಿಕೊಂಡಳು. ನಾನೇ ಮೆನು ತೆಗೆದುಕೊಂಡು ಅವಳಿಗೆ ಚಿಕನ್ ಬಿರಿಯಾನಿ ಹೇಳಹೋದೆ.

“ಬೇಡ ಟೀಚರೇ, ಸಂಜೆಗೆ ನಾನೀಗ ಮಾಂಸ ತಿನ್ನುವುದಿಲ್ಲ. ನಿಮಗೆ ಹೇಳಿದ್ದನ್ನೇ ನನಗೂ ಹೇಳಿ.”

ಇಬ್ಬರಿಗೂ ನಾನ್, ಪನೀರಿನ ಏನೋ ಒಂದು ಬಂತು. ಆ ರೊಟ್ಟಿ ಬಿಸಿಯಿರುವಾಗ ರಬ್ಬರು, ಆರಿದ ಮೇಲೆ ರಟ್ಟು. ಟಿವಿಯ ಗದ್ದಲದಲ್ಲಿ ಅವಳ ಮಾತನ್ನು ಅವಳು, ನನ್ನ ಮಾತನ್ನು ನಾನು ಎರಡೆರಡು ಸಲ ಹೇಳಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ತಟ್ಟೆ ನೋಡಿಕೊಂಡು ತಿಂದೆವು. ಹಿಂದೆ ಒಂದು ಕುಟುಂಬ ಮೇಜಿಗಾಗಿ ಕಾಯುತ್ತಿತ್ತು. ಸಪ್ಲಾಯರು ಬಂದು, “ಇನ್ನೇನಾದ್ರೂ ಬೇಕಾ?” ಎಂದು ಬಟ್ಟೆ ಹಿಡಿದುಕೊಂಡೇ ನಿಂತ. ಮುಕ್ಕಾಲು ಗಂಟೆಯಲ್ಲಿ ನಮ್ಮ ಸಂಜೆ ಮುಗಿಯಿತು.

ಬಿಲ್ಲು ಬಂದಾಗ ನಫೀಸಾ ಪರ್ಸು ತೆರೆದಳು. ನಾನು ರೂಢಿಯಂತೆ ಬಿಲ್ಲನ್ನು ಕಿತ್ತುಕೊಂಡು, “ಸುಮ್ಮನಿರು ನೀನು” ಎಂದು ನಾನೇ ಕೊಟ್ಟೆ. ಅವಳು ಪರ್ಸು ಮುಚ್ಚಿದಳು. ನಾನು ಬಂದದ್ದೇ ಯಾವುದಕ್ಕೆಂಬುದು ಆ ಕ್ಷಣದಲ್ಲಿ ನನ್ನ ನೆನಪಿನಿಂದ ಪೂರ್ತಿ ಜಾರಿಹೋಗಿತ್ತು. ಮೆಟ್ಟಿಲು ಇಳಿಯುವಾಗ ನೆನಪಾಯಿತು. ಊಟ ಚೆನ್ನಾಗಿತ್ತು ಎಂದಳು ಅವಳು. ಹೌದು ಎಂದೆ ನಾನು.

ಮರುದಿನ ಬೆಳಿಗ್ಗೆ ಒಂಬತ್ತೂವರೆಯ ಪ್ಯಾಸೆಂಜರು ಗಾಡಿಗೆ ಹೋಗುವವಳು ಎಂಟಕ್ಕೇ ಹೊರಟೆ. ಸ್ಟೇಷನ್ನಿಗೆ ಆ ಓಣಿಯಿಂದಲೇ ಹೋಗಬಹುದಿತ್ತು. ರಾತ್ರಿಯಿಡೀ ಆ ಬೋರ್ಡು ಕಣ್ಣಿಗೆ ಕಟ್ಟಿತ್ತು. ಸುಹರಾ ಜಗಲಿ ಗುಡಿಸುತ್ತಿದ್ದಳು. ನನ್ನನ್ನು ಕಂಡು ಪೊರಕೆ ಕೆಳಗಿಟ್ಟಳು.

“ನಿನ್ನೆ ತಪ್ಪು ತಿಳಿಯಬೇಡಿ” ಎಂದೆ.

“ನನಗೆಂತ ಬೇಜಾರು ಟೀಚರೇ” ಎಂದಳು. “ನಫೀಸಾ ಟೀಚರಿಗೇ ಪಾಪ, ಬೇಜಾರಾಯಿತು. ನಾಲ್ಕು ದಿನದಿಂದ ಅವರಿಗೆ ಇದೇ ಕೆಲಸ.”

ಎಂಥ ಕೆಲಸ ಎಂದು ಕೇಳಿದೆ. ಅವಳು ಹೇಳಿದಳು. ನಫೀಸಾ ಕುಂಬಳೆ ಪೇಟೆಯಿಂದ ಒಂದು ಹೊಸ ಮಣ್ಣಿನ ಅಳಗೆ ತಂದಿದ್ದಳಂತೆ. ಹೊಸ ಅಳಗೆಯಲ್ಲಿ ನೇರ ಅಡಿಗೆ ಮಾಡಲಾಗುವುದಿಲ್ಲ. ಮಣ್ಣಿನ ವಾಸನೆ ಹೋಗಲು ನೀರಲ್ಲಿ ನೆನೆಸಿಡಬೇಕು, ಗಂಜಿಯ ತಿಳಿ ಹಾಕಿ ದಿನಾ ಕುದಿಸಬೇಕು. ಮೂರು ದಿನ ಸಂಜೆ ಬಂದು ಅದನ್ನು ಅವಳೇ ಮಾಡಿದಳಂತೆ. ನಿನ್ನೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆಯೇ ಒಲೆ ಹೂಡಿ, ಅದರಲ್ಲಿ ತೆಂಗಿನಹಾಲು ಹಾಕಿದ ಕಡಲೆ ಗಸಿ, ಹೊಸ ಕಾವಲಿಯಲ್ಲಿ ಪತ್ತಿರಿ.

“ನಿನ್ನೆ ಮೀನು ತರಲೇ ಇಲ್ಲ ನಾವು. ಬಂದವರಿಗೆ ಇವತ್ತಿಲ್ಲ ಅಂತ ಹೇಳಿದೆವು. ನಾನು ಹೇಳಿದೆ, ಇದನ್ನೆಲ್ಲ ಆ ಟೀಚರಿಗೆ ಮೊದಲೇ ತಿಳಿಸಿ ಅಂತ. ಬೇಡ, ಅವರಿಗೆ ನಾಚಿಕೆ ಆಗ್ತದೆ, ಮೊದಲು ಉಣ್ಣಲಿ ಅಂದರು.”

ನಾನು ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟೆ. ಆ ಗಸಿ ಇದೆಯೇ ಎಂದು ಕೇಳಿದೆ. ರಾತ್ರಿ ಮನೆಯವರೆಲ್ಲ ಸೇರಿ ಮುಗಿಸಿದೆವು ಎಂದಳು. ಹಾಗಾದರೆ ಏನಿದೆಯೋ ಅದನ್ನೇ ಕೊಡಿ ಎಂದೆ. ಮೀನು, ಕೋಳಿ ಬೇಯುವ ದಿನದ ಒಲೆ, ದಿನದ ಪಾತ್ರೆ. ಎರಡು ಬಿಸಿ ಪತ್ತಿರಿ, ಕಾಯಿ ಚಟ್ನಿ, ಒಂದು ಲೋಟ ಚಹಾ ಬಂತು. ಕಾಗದದಷ್ಟು ತೆಳುವಾದ ಅಕ್ಕಿರೊಟ್ಟಿ. ತಿಂದೆ. ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅರುವತ್ತೊಂದು ವರ್ಷ ಕಾಯ್ದುಕೊಂಡು ಬಂದದ್ದು ಎರಡು ರೊಟ್ಟಿಯ ಹೊತ್ತಿನಲ್ಲಿ ಮುಗಿದುಹೋಯಿತು. ಇಷ್ಟು ಸುಲಭದ್ದನ್ನು ಹಿಂದಿನ ಸಂಜೆ ಮಾಡಲಾಗಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ದುಡ್ಡು ಕೊಟ್ಟು, ಕೈ ಮುಗಿದು, ಸ್ಟೇಷನ್ನಿಗೆ ನಡೆದೆ.

ಮಂಗಳೂರಿಗೆ ಹತ್ತು ರೂಪಾಯಿ ಟಿಕೇಟು. ಗಾಡಿ ಹೊರಟ ಮೇಲೆ ನಫೀಸಾಳಿಗೆ ಫೋನು ಮಾಡಿದೆ. ಅವಳಿಗೆ ಎಷ್ಟು ಖುಷಿಯಾಗಬಹುದೆಂದು ನೆನೆಸಿಕೊಂಡು, ಅವಸರದಿಂದ, “ನಾನು ಸುಹರಾಳಲ್ಲಿ ಪತ್ತಿರಿ ತಿಂದೆ ಮಾರಾಯ್ತಿ, ಅವರ ದಿನದ ಒಲೆಯದ್ದೇ” ಎಂದೆ.



“ಒಬ್ಬರೇ ಹೋಗಿ ತಿಂದ್ರಾ?” ಎಂದಳು.

ಆಗ ನನಗೆ ಅರ್ಥವಾಯಿತು. ಅವಳು ಬಡಿಸಬೇಕೆಂದಿದ್ದ ಮೊದಲ ತುತ್ತನ್ನು ಅವಳಿಲ್ಲದ ಹೊತ್ತಿನಲ್ಲಿ ನಾನೇ ಹಾಕಿಸಿಕೊಂಡು, ನಾನೇ ದುಡ್ಡು ಕೊಟ್ಟು ಬಂದಿದ್ದೆ. ಒಂದು ಫೋನು ಮಾಡಿದ್ದರೆ ಹತ್ತು ನಿಮಿಷದಲ್ಲಿ ಬರುತ್ತಿದ್ದಳು. ಹನ್ನೊಂದರ ಗಾಡಿಗೆ ಹೋಗಬಹುದಿತ್ತು.

“ನಫೀಸಾ, ಮುಂದಿನ ತಿಂಗಳು ಮತ್ತೆ ಬರುತ್ತೇನೆ” ಎಂದೆ. “ಆಗ ಎಲ್ಲ ನಿನ್ನ ಇಷ್ಟ. ಹೋಟೆಲು ನೀನೇ ಆರಿಸಬೇಕು.”

“ಬನ್ನಿ ಟೀಚರೇ, ಖಂಡಿತ ಬನ್ನಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಟೆಲು ಯಾವುದಾದರೆಂತ. ನಿಮಗೆ ಎಲ್ಲಿ ಸಮ ಆಗ್ತದೋ ಅಲ್ಲಿಗೇ ಹೋಗುವ.”

ಸಿಟ್ಟಿನಿಂದ ಹೇಳಿದ್ದರೆ ಕ್ಷಮೆ ಕೇಳುತ್ತಿದ್ದೆ. ಅವಳು ಅದನ್ನು ರೂಢಿಯಿಂದ ಹೇಳಿದ್ದಳು, ಆ ರೂಢಿ ಹಿಡಿಸಿದವಳು ನಾನು. ಸರಿ ಎಂದು ಫೋನು ಇಟ್ಟೆ. ಗಾಡಿ ಮಂಜೇಶ್ವರದಲ್ಲಿ ನಿಂತಿತ್ತು. ಇಳಿದು ಹಿಂದಕ್ಕೆ ಹೋಗಲು ಸಮಯವಿತ್ತು, ಅರ್ಧ ಗಂಟೆಯ ದಾರಿಯೂ ಅಲ್ಲ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಯೋಚಿಸುತ್ತಲೇ ಕೂತಿದ್ದೆ. ಗಾಡಿ ಹೊರಟಿತು.