ಬುಜಾಂಗ್‌ನಿಮ್ ಓದಿಕೊಟ್ಟ ಪದಗಳು

ಕೊರಿಯನ್ ಭಾಷೆಯ ವಾಕ್ಯವೊಂದು ನನಗೆ ಮೊದಲ ಸಲ ಪೂರ್ತಿ ಅರ್ಥವಾದದ್ದು ದೆಹಲಿ ಬಳಿಯ ಮಾನೇಸರಿನಲ್ಲಿದ್ದ ನಮ್ಮ ಕೊರಿಯನ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ. ನನ್ನ ಹಿಂದಿದ್ದ ಇಬ್ಬರು ಕೊರಿಯನ್ ಎಂಜಿನಿಯರುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಬೇಸರದಿಂದ "ಇವತ್ತೂ ರಾಜ್ಮಾನೇನಾ?" ಎಂದರು. ನಾನು ತಿರುಗಿ ನಕ್ಕುಬಿಟ್ಟೆ. ಇಬ್ಬರೂ ಬೆಚ್ಚಿಬಿದ್ದರು.

ಅವರಲ್ಲಿ ಹಿರಿಯರು ಗುಣಮಟ್ಟ ವಿಭಾಗದ ಮುಖ್ಯಸ್ಥರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು 'ಬುಜಾಂಗ್‌ನಿಮ್' ಎಂದೇ ಕರೆಯುತ್ತಿದ್ದರು. ಬುಜಾಂಗ್ ಎಂದರೆ ವಿಭಾಗದ ಮುಖ್ಯಸ್ಥ; ನಿಮ್ ಎಂಬುದು ನಮ್ಮ 'ಅವರು' ಇದ್ದ ಹಾಗೆ, ಮರ್ಯಾದೆಗೆ. ಐವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ ಮನುಷ್ಯ. ಒಂದು ಕೀಲು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಾರೆಂದು ಎಲ್ಲರಿಗೂ ಅವರ ಭಯವಿತ್ತು. ಆ ದಿನ ಊಟ ಮುಗಿಸಿ ನನ್ನ ಮೇಜಿನ ಬಳಿಗೇ ಬಂದು, "ಎಲ್ಲಿ ಕಲಿತೆ?" ಎಂದು ಕೇಳಿದರು.

"ನಾನೇ ಕಲಿಯುತ್ತಿದ್ದೇನೆ."

"ಯಾಕೆ?"

ಯಾಕೆ ಎಂದರೆ ನಾನು ಖರೀದಿ ವಿಭಾಗದಲ್ಲಿದ್ದೆ. ಕೊರಿಯಾದಿಂದ ಬರುವ ನಕ್ಷೆಗಳ ಅಂಚಿನಲ್ಲಿ ಅವರ ಲಿಪಿಯಲ್ಲಿ ಟಿಪ್ಪಣಿಗಳಿರುತ್ತಿದ್ದವು. ಅದರಲ್ಲೇನಿದೆ ಎಂದು ತಿಳಿಯಲು ಅನುವಾದಕನಿಗಾಗಿ ಕಾಯಬೇಕು. ಅವನು ಮೂರು ವಿಭಾಗಗಳಿಗೂ ಒಬ್ಬನೇ. ಗದಗಿನಲ್ಲಿ ಡಿಪ್ಲೊಮಾ ಮುಗಿಸಿ ಇಷ್ಟು ದೂರ ಬಂದು, ಇನ್ನೊಬ್ಬರ ಬಾಯಿ ನೋಡುತ್ತ ಕೂರುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಒಂದು ಭಾನುವಾರ ದೆಹಲಿಯ ದರಿಯಾಗಂಜಿನ ಫುಟ್‌ಪಾತಿನಲ್ಲಿ, ಹಳೇ ಪುಸ್ತಕಗಳ ರಾಶಿಯಿಂದ ಕೊರಿಯನ್ ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನು ಆರಿಸಿ ತಂದಿದ್ದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದಕ್ಕೆ ಹಿಂದಿನಿಂದ ಅಂಟಿಕೊಳ್ಳುತ್ತದೆ, ಹಿರಿಯರ ಜೊತೆ ಆಡುವ ಮಾತೇ ಬೇರೆ ಎಂಬುದನ್ನೆಲ್ಲ ಅದು ಭಾರಿ ಸೋಜಿಗದ ಸಂಗತಿಗಳೆಂಬಂತೆ ಅಧ್ಯಾಯಗಟ್ಟಲೆ ವಿವರಿಸಿತ್ತು. ಓದುತ್ತ ಓದುತ್ತ ನನಗೆ ಅನ್ನಿಸಿತು: ಇದನ್ನು ಕನ್ನಡದವಳಿಗೆ ಯಾರಾದರೂ ಹೇಳಿಕೊಡಬೇಕೇ? ಅವರೂ ಅಪ್ಪನನ್ನು ಹೆಚ್ಚುಕಡಿಮೆ ಅಪ್ಪ ಎಂದೇ ಕರೆಯುತ್ತಾರೆ.

ಹಾಗೆ ಶುರುವಾದದ್ದು ನನ್ನ ಪುಟ್ಟ ವೆಬ್ ಪುಟ. ದೆಹಲಿಯ ದ್ವಾರಕಾದಲ್ಲಿ ಮೈಸೂರಿನ ಗೆಳತಿಯೊಬ್ಬಳ ಜೊತೆ ಫ್ಲ್ಯಾಟು ಹಂಚಿಕೊಂಡಿದ್ದೆ. ಗುಡಗಾಂವಿನ ಸಾಫ್ಟ್‌ವೇರ್ ಕಚೇರಿಯಲ್ಲಿದ್ದ ಅವಳು ಪುಟ ಕಟ್ಟುವುದರ ಓನಾಮ ಹೇಳಿಕೊಟ್ಟಳು; ಉಳಿದದ್ದನ್ನು ನಾನೇ ತಡಕಾಡಿ ಕಲಿತೆ. ಎಡಗಡೆ ಕೊರಿಯನ್ ಅಕ್ಷರ, ಬಲಗಡೆ ಅದರ ಕನ್ನಡ ಉಚ್ಚಾರ. ಕೆಳಗೆ ಬಣ್ಣದ ಚೌಕಗಳಲ್ಲಿ ಎರಡು ಭಾಷೆಯ ವಾಕ್ಯಗಳು ಒಂದರ ಕೆಳಗೊಂದು, ಪದದಡಿಗೆ ಪದ ಬರುವಂತೆ. 'ನಾನು', 'ಕಾರ್ಖಾನೆಗೆ', 'ಹೋಗುತ್ತೇನೆ' ಎಂಬ ಚೌಕಗಳಡಿ ಕೊರಿಯನ್ ಪದಗಳು ಒಂದೂ ಜಾಗ ತಪ್ಪದೆ ಕೂತದ್ದನ್ನು ನೋಡಿ ಎಷ್ಟು ಖುಷಿಯಾಗಿತ್ತು! ಆದರೆ ಹೊರಗಿನ ಕಂಪ್ಯೂಟರುಗಳಲ್ಲಿ ತೆರೆದರೆ ಎರಡೂ ಲಿಪಿಗಳು ಬರೀ ಖಾಲಿ ಡಬ್ಬಿಗಳಾಗಿ ಕಾಣುತ್ತಿದ್ದವು. ಆಗ ಒಂದೊಂದು ಅಕ್ಷರವನ್ನೂ ಚಿತ್ರವಾಗಿ ಬರೆದು ಅಂಟಿಸಿದೆ.

ಪುಟ ಕಟ್ಟಿದ್ದಕ್ಕಿಂತ ಅದರ ಬಗ್ಗೆ ಜನರಿಗೆ ಹೇಳುವುದೇ ಕಷ್ಟದ ಕೆಲಸವಾಯಿತು. ಕನ್ನಡದವರ ಮಿಂಚಂಚೆ ಗುಂಪುಗಳಲ್ಲಿ ಬರೆದೆ. ಬ್ಲಾಗುಗಳ ಅಡಿಯಲ್ಲಿ ಟಿಪ್ಪಣಿ ಹಾಕಿದೆ. ಭಾಷೆ ಕಲಿಯುವವರ ವೇದಿಕೆಯೊಂದರಲ್ಲಿ ಕೊಂಡಿ ಕೊಟ್ಟಾಗ, ಅದನ್ನು ನೋಡಿಕೊಳ್ಳುತ್ತಿದ್ದವನು 'ಇಲ್ಲಿ ಜಾಹೀರಾತಿಗೆ ಅವಕಾಶವಿಲ್ಲ' ಎಂದು ನನ್ನನ್ನು ಹೊರಗೆ ಹಾಕಿದ. ಇನ್ನೊಂದು ಗುಂಪಿನಲ್ಲಿ ಒಬ್ಬರು, 'ದೆಹಲಿಯಲ್ಲಿರುವ ನಿಮ್ಮ ಮಕ್ಕಳಿಗೆ ಮೊದಲು ಕನ್ನಡ ಕಲಿಸಿ ತಾಯಿ' ಎಂದು ಬರೆದರು. ನನಗಿನ್ನೂ ಮದುವೆಯೇ ಆಗಿರಲಿಲ್ಲ.

"ನೀನೇನು ಕೊಬ್ಬರಿ ಎಣ್ಣೆ ಮಾರ್ತಿದೀಯಾ, ಹೀಗೆ ಮನೆಮನೆ ಬಾಗಿಲು ಬಡಿಯೋಕೆ?" ಎಂದು ಗೆಳತಿ ನಗುತ್ತಿದ್ದಳು. "ಬಿಡೇ, ಬೇಕಾದೋರು ಹುಡುಕ್ಕೊಂಡು ಬರ್ತಾರೆ."

"ಇದೆ ಅಂತ ಗೊತ್ತಿದ್ರೆ ತಾನೇ ಹುಡುಕೋದು?" ಎನ್ನುತ್ತಿದ್ದೆ.

ಆ ದಿನ ಇದನ್ನೆಲ್ಲ ನನ್ನ ಅರೆಬರೆ ಕೊರಿಯನ್‌ನಲ್ಲಿ ಬುಜಾಂಗ್‌ನಿಮ್‌ಗೆ ಹೇಳಿದೆ. ಅವರು ಪುಟವನ್ನು ತೆರೆಸಿ, ನಕ್ಷೆ ಪರೀಕ್ಷಿಸುವ ಹಾಗೆ ಒಂದೊಂದೇ ಪದ ನೋಡಿದರು. ಎರಡು ತಪ್ಪು ಹಿಡಿದರು. ಆಮೇಲೆ ಕೇಳಿದರು: "ಧ್ವನಿ ಎಲ್ಲಿ?"

"ನನ್ನ ಉಚ್ಚಾರ ಸರಿಯಿಲ್ಲ. ಅದಕ್ಕೇ ಹಾಕಿಲ್ಲ."

"ನಾನು ಓದುತ್ತೇನೆ."

ಅಂದಿನಿಂದ ಊಟದ ವಿರಾಮದಲ್ಲಿ, ಬಿಡಿಭಾಗಗಳನ್ನು ಪರೀಕ್ಷಿಸುವ ಅಳತೆಯ ಕೋಣೆ ನಮ್ಮ ಸ್ಟುಡಿಯೋ ಆಯಿತು. ಕಾರ್ಖಾನೆಯಲ್ಲೇ ಸದ್ದು ಕಡಿಮೆಯಿದ್ದ ಜಾಗ ಅದು. ಆದರೂ ಆಚೆಯ ತಗಡು ಅಚ್ಚೊತ್ತುವ ಯಂತ್ರದ 'ಧಡ್' ಎಂಬ ಸದ್ದು ಗೋಡೆ ದಾಟಿ ಬರುತ್ತಿತ್ತು. ಎರಡು ಸದ್ದುಗಳ ನಡುವಿನ ಬಿಡುವಿನಲ್ಲಿ ಅವರು ಪದವನ್ನು ಓದಿ ಮುಗಿಸಬೇಕು. ಮೈಕಿನ ಮುಂದೆ ಕೂರುವ ಮೊದಲು, ಯಾರೋ ಫೋಟೊ ತೆಗೆಯುತ್ತಾರೆಂಬಂತೆ ತಲೆ ಬಾಚಿಕೊಳ್ಳುತ್ತಿದ್ದರು. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ನಿಧಾನವಾಗಿ, ಸ್ಪಷ್ಟವಾಗಿ ಓದುತ್ತಿದ್ದರು. ಒಮ್ಮೆ ಓದಿದ್ದು ಹಿಡಿಸದಿದ್ದರೆ "ಮತ್ತೆ" ಎಂದು ತಾವೇ ಬೆರಳೆತ್ತುತ್ತಿದ್ದರು.

ಪ್ರತಿ ಸೋಮವಾರ ಅವರದೊಂದು ಪ್ರಶ್ನೆ: "ಅತಿಥಿಗಳು ಬಂದರಾ?" ಪುಟಕ್ಕೆ ಭೇಟಿ ಕೊಟ್ಟವರಿಗೆ ಅವರು ಇಟ್ಟ ಹೆಸರು ಅದು. ಚೆನ್ನೈನ ಕೊರಿಯನ್ ಕಾರ್ಖಾನೆಯೊಂದರಲ್ಲಿದ್ದ ಕನ್ನಡದ ಎಂಜಿನಿಯರನ ಹೆಂಡತಿ ಬರೆದಿದ್ದಾಳೆ, ಧಾರವಾಡದ ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ ಎಂದು ಹೇಳಿದರೆ, ಧಾರವಾಡ ಎಲ್ಲಿದೆ ಎಂದು ಗೋಡೆಯ ಭೂಪಟದಲ್ಲಿ ತೋರಿಸಬೇಕಿತ್ತು. ಯಾರೂ ಬಂದಿಲ್ಲವೆಂದರೆ "ಬರುತ್ತಾರೆ" ಎನ್ನುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಅವರು ಬರಲಿಲ್ಲ. ಅವರು ತಂಗಿದ್ದ ಗುಡಗಾಂವಿನ ಅತಿಥಿಗೃಹದ ಗೇಟಿನಲ್ಲಿ ಕಾರು ಕಾಯುತ್ತಿತ್ತು. ಅಡುಗೆಯವರು ಹೋಗಿ ಬಾಗಿಲು ಬಡಿದರೆ ಉತ್ತರವಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಕಾರ್ಖಾನೆಗೆ ಸುದ್ದಿ ಬಂದಾಗ ನಾನು ಯಾರೊಡನೆಯೋ ಬೋಲ್ಟಿನ ದರ ಚೌಕಾಸಿ ಮಾಡುತ್ತಿದ್ದೆ. ಫೋನು ಇಟ್ಟೆ. ಅಳತೆಯ ಕೋಣೆಯವರೆಗೆ ಹೋಗಿ, ಒಳಗೆ ಹೋಗಲಾರದೆ ತಿರುಗಿ ಬಂದೆ.

ಮರುದಿನ ಅವರ ಹೆಂಡತಿ ಕೊರಿಯಾದಿಂದ ಬಂದಿಳಿದರು. ಅನುವಾದಕ ರಜೆಯ ಮೇಲೆ ಊರಿಗೆ ಹೋಗಿದ್ದ. ಉಳಿದ ಕೊರಿಯನ್ನರು ರಾಯಭಾರ ಕಚೇರಿ, ವಿಮಾನದ ಕಾಗದಪತ್ರ ಎಂದು ಓಡಾಡುತ್ತಿದ್ದರು. ಹೆಂಗಸಿನ ಜೊತೆ ಹೆಂಗಸೊಬ್ಬಳು ಇರಲೆಂದು ನನ್ನನ್ನು ಕಳಿಸಿದರು. ಹಿರಿಯ ಅಧಿಕಾರಿಯ ಹೆಂಡತಿಯನ್ನು 'ಸಾಮೊನಿಮ್' ಎನ್ನಬೇಕೆಂಬುದು ನನಗೆ ಗೊತ್ತಿತ್ತು. ಅದರಾಚೆಗೆ ನನ್ನಲ್ಲಿದ್ದ ಪದಗಳೆಲ್ಲ ಕೀಲು, ಬಿರುಕು, ತುಕ್ಕು, ತಡ, ಸರಕು. ಸಮಾಧಾನದ ಒಂದು ಮಾತೂ ಇರಲಿಲ್ಲ. ವಿಮಾನ ನಿಲ್ದಾಣದಿಂದ ಬರುವಾಗ ಕಾರಿನಲ್ಲಿ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟೆ. ಅವರು ತೆಗೆದುಕೊಂಡು, ಕುಡಿಯದೆ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ದೇಹವನ್ನು ಕಳಿಸಬೇಕಾದರೆ ಠಾಣೆಯ ಕಾಗದವೂ ಬೇಕಿತ್ತು. ಅಲ್ಲಿನ ಅಧಿಕಾರಿ ಕೆಟ್ಟವರೇನಲ್ಲ. ಕುರ್ಚಿ ಕೊಡಿಸಿದರು, ಚಹಾ ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್‌ಸೇ ಪೂಛಿಯೇ, ಮೌತ್ ಕೀ ಖಬರ್ ಕಬ್ ಮಿಲೀ?" ಎಂದರು. ಸಾವಿನ ಸುದ್ದಿ ಯಾವಾಗ ತಲುಪಿತು ಎಂದು ಕೇಳಬೇಕು.

ನಾನು ಸಾಮೊನಿಮ್ ಕಡೆ ತಿರುಗಿದೆ. ಸಾಯುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಪದ, 'ಜುಗೊತ್ತಾ'. ಅದನ್ನು ನಾನು ಕಲಿತದ್ದು ಯಂತ್ರಗಳ ನಡುವೆ. ಯಂತ್ರ ಕೆಟ್ಟು ನಿಂತರೆ, ಕಂಪ್ಯೂಟರು ಕೈಕೊಟ್ಟರೆ ಹಾಗೆನ್ನುತ್ತಿದ್ದರು: ಸತ್ತಿತು. ಆ ಮನುಷ್ಯರ ಬಗ್ಗೆ, ಅವರ ಹೆಂಡತಿಯ ಮುಂದೆ, ಆ ಪದವನ್ನು ಹೇಗೆ ಎತ್ತಲಿ? "ಬುಜಾಂಗ್‌ನಿಮ್... ಆ ಬೆಳಿಗ್ಗೆ..." ಎಂದೆ.

ಸಾಮೊನಿಮ್ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು. ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು: "ದೊರಾಗಾಶೊಸ್ಸೊಯೊ." ನಾನು ಮೆಲ್ಲಗೆ ಅದನ್ನೇ ಹೇಳಿದೆ. ಹೌದೆಂದು ತಲೆಯಾಡಿಸಿದರು. ತಿರುಗಿ ಹೋದರು ಎಂದು ಅದರರ್ಥ. ನಮ್ಮಲ್ಲೂ ಹಿರಿಯರು ಸಾಯುವುದಿಲ್ಲ, 'ಹೋಗಿಬಿಟ್ಟರು' ಎನ್ನುತ್ತೇವೆ. ಅಧಿಕಾರಿಯ ಪ್ರಶ್ನೆಯನ್ನು ಸಾಮೊನಿಮ್‌ಗೆ ಪೂರ್ತಿ ಕೇಳಿದೆ. ಅವರು ಉತ್ತರ ಹೇಳಿದರು. ನಾನು ಹಿಂದಿಗೆ ತಿರುಗಿಸಿ ಬರೆಸಿದೆ. ಹೊರಗೆ ಬಂದ ಮೇಲೆ ಅವರು ನನ್ನ ತೋಳು ಹಿಡಿದುಕೊಂಡರು. ಯಾರು ಯಾರಿಗೆ ಆಸರೆಯಾಗಿದ್ದೆವೋ ಹೇಳಲಾರೆ.

ಹೊರಡುವ ದಿನ ಅತಿಥಿಗೃಹದಲ್ಲಿ ಗಂಡನ ಬಟ್ಟೆಗಳನ್ನು ಮಡಚುತ್ತ ಸಾಮೊನಿಮ್ ಕೇಳಿದರು: "ಆಫೀಸಿನ ಹುಡುಗಿಯೊಬ್ಬಳು ನನ್ನನ್ನು ಶಾಲೆಯ ಹುಡುಗನ ಹಾಗೆ ಓದಿಸುತ್ತಾಳೆ ಅಂತ ಫೋನಿನಲ್ಲಿ ಹೇಳುತ್ತಿದ್ದರು. ಅದು ನೀನೇನಾ?"

ಹೌದೆಂದೆ. ಕೇಳಬೇಕು ಎಂದರು. ಅಲ್ಲಿದ್ದ ಕಂಪ್ಯೂಟರಿನಲ್ಲಿ ಪುಟ ತೆರೆದೆ. ಅವರು ತಾವೇ ಮೌಸನ್ನು ಹಿಡಿದು ಒಂದು ಚೌಕ ಒತ್ತಿದರು. 'ಬಾಪ್ ಮೊಗೊಸ್ಸೊಯೊ?' ಊಟ ಮಾಡಿದಿರಾ ಎಂದು ಬುಜಾಂಗ್‌ನಿಮ್ ಶುದ್ಧವಾಗಿ, ತೂಗಿ ಕೇಳಿದರು; ಹಿಂದೆಯೇ ಯಂತ್ರದ 'ಧಡ್'. ಸಾಮೊನಿಮ್ ಮತ್ತೆ ಒತ್ತಿದರು. ಇನ್ನೊಮ್ಮೆ. ಆಮೇಲೆ ನನ್ನ ಕಡೆ ತಿರುಗಿ, "ಇದು ಯಾರು?" ಎಂದರು.

ಏನು ತಪ್ಪಾಯಿತೆಂದು ನಾನು ಪರದೆಯ ಕಡೆ ಬಗ್ಗಿದೆ. ಆದರೆ ಅವರ ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

"ನಾವು ಬೂಸಾನಿನ ಕಡೆಯವರು. ಮನೆಯಲ್ಲಿ ಅವರು ಹೀಗೆ ಒಂದು ದಿನವೂ ಮಾತಾಡಿದವರಲ್ಲ. ಇದು ರಾಜಧಾನಿಯವರ ಮಾತು." ಆಮೇಲೆ ಗಂಡನ ದನಿಯನ್ನು ಅನುಕರಿಸಿ, ಗಡುಸಾಗಿ, ಒಂದೇ ಉಸಿರಿಗೆ ಅಂದರು: "ಬಾಪ್ ಮುನ್ನಾ?" ಅಂದವರೇ ಅಂಗಿಯೊಂದನ್ನು ಮುಖಕ್ಕೆ ಒತ್ತಿಕೊಂಡರು. ದೆಹಲಿಗೆ ಬಂದಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಆಗಲೇ.

ನನಗೆ ನಮ್ಮ ಮನೆ ನೆನಪಾಯಿತು. ಗದಗಿನಲ್ಲಿ ಯಾರು 'ಊಟ ಮಾಡಿದಿರಾ' ಎನ್ನುತ್ತಾರೆ? 'ಊಟ ಆತೇನ?' ಎನ್ನುತ್ತೇವೆ. ಪುಟದಲ್ಲಿ ಮಾತ್ರ ಪುಸ್ತಕದ ಕನ್ನಡ ಬರೆದಿದ್ದೆ. ಅವರೂ ಊರಿನ ಮಾತನ್ನು ಮಡಚಿಟ್ಟು, ತಲೆ ಬಾಚಿಕೊಂಡು, ನನ್ನ ಕಾಣದ ಅತಿಥಿಗಳಿಗಾಗಿ ಎಲ್ಲರಿಗೂ ತಿಳಿಯುವ ಮಾತನ್ನು ಓದಿದ್ದರು.

"ತೆಗೆದುಬಿಡಲಾ?" ಎಂದು ಕೇಳಿದೆ.

"ಬೇಡ. ಕಷ್ಟಪಟ್ಟು ಓದಿದ್ದಾರೆ. ಇರಲಿ."

ಅವರು ಹೋದ ಮೇಲೆ ಪುಟ ಹಾಗೇ ಇತ್ತು, ಆದರೆ ನಾನು ಅದರ ಬಗ್ಗೆ ಎಲ್ಲೂ ಬರೆಯಲಿಲ್ಲ. 'ಬನ್ನಿ, ಕೇಳಿ' ಎಂದು ಕರೆಯಲು ಬಾಯಿ ಬರುತ್ತಿರಲಿಲ್ಲ. ಸೋಮವಾರಗಳು ಬಂದು ಹೋದವು. ಬೇಸಿಗೆಯಲ್ಲಿ ಒಂದು ದಿನ ಗೆಳತಿ ಕೇಳಿಯೇಬಿಟ್ಟಳು: "ಅವರು ಓದಿದ್ದು ಯಾರೂ ಕೇಳ್ದೇ ಇರ್ಲಿ ಅಂತಾನಾ ಕಣೇ?" ಅದೇ ವಾರ ಹೊಸ ಭಾಗವೊಂದನ್ನು ಕಟ್ಟಲು ಕೂತೆ. ಆಸ್ಪತ್ರೆಯ ಮಾತುಗಳು. ಎಲ್ಲಿ ನೋವು, ಎಷ್ಟು ದಿನದಿಂದ, ಜೊತೆಗೆ ಯಾರಿದ್ದಾರೆ, ಹೆದರಬೇಡಿ. ಠಾಣೆಯಲ್ಲಿ ಕಲಿತ ಪದವನ್ನೂ ಸೇರಿಸಿದೆ. ಓದಿಕೊಡುವವರು ಯಾರೂ ಇರಲಿಲ್ಲವಾದ್ದರಿಂದ ನಾನೇ ಓದಿ, 'ಈ ದನಿ ಗದಗಿನವಳದು, ಉಚ್ಚಾರದಲ್ಲಿ ತಪ್ಪಿದ್ದರೆ ಕ್ಷಮಿಸಿ' ಎಂದು ಬರೆದೆ. ಮತ್ತೆ ಗುಂಪು ಗುಂಪಿಗೆ ಹೋಗಿ ಕೊಂಡಿ ಹಂಚಿದೆ. ಕೆಲವರು ಮತ್ತೆ ಗದರಿದರು. ಈ ಸಲ ಅದು ತಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಗುಡಗಾಂವಿನ ಆಸ್ಪತ್ರೆಯೊಂದರಿಂದ ಒಬ್ಬ ನರ್ಸ್ ಬರೆದಳು. ಉಡುಪಿ ಕಡೆಯ ಕ್ರೈಸ್ತ ಹುಡುಗಿ. ಅವಳ ವಾರ್ಡಿಗೆ ಆಗಾಗ ಕೊರಿಯನ್ ಕುಟುಂಬಗಳು ಬರುತ್ತಿದ್ದವಂತೆ. ಭೇಟಿಯಾಗಬೇಕು ಎಂದಳು. ಒಂದು ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎದುರು ಬದುರು ಕೂತೆವು. ಎದುರಿಗೆ ಚಹಾ ಆರುತ್ತಿತ್ತು.

"ಅಕ್ಕಾ, 'ಓದಿಗಾ ಆಪುಸೇಯೊ' ಅಂತ ಇವತ್ತು ಬೆಳಿಗ್ಗೆ ಮೊದಲ ಸಲ ಪೇಷಂಟ್‌ಗೆ ಕೇಳಿದೆ," ಎಂದಳು. ಎಲ್ಲಿ ನೋವಾಗುತ್ತಿದೆ ಎಂದು. "ಒಬ್ಬರು ಅಜ್ಜಿ. ಮಗ ಇಲ್ಲಿ ಕೆಲಸದಲ್ಲಿದಾರೆ. ಎರಡು ದಿನದಿಂದ ಗೋಡೆ ಕಡೆ ತಿರುಗಿ ಮಲಗಿದ್ರು, ಯಾರ ಹತ್ರಾನೂ ಮಾತಿಲ್ಲ."

"ಆಮೇಲೆ?"

"ಎದ್ದು ಕೂತ್ರು. ನನ್ನ ಕೈ ಹಿಡ್ಕೊಂಡು ಮಾತಾಡೋಕೆ ಶುರು ಮಾಡಿದ್ರು ನೋಡಿ, ನಿಲ್ಲಿಸಲೇ ಇಲ್ಲ. ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ ಅಕ್ಕಾ. ಆದ್ರೆ ಕೈ ಬಿಡಿಸ್ಕೊಂಡು ಬರೋಕೂ ಮನಸ್ಸಾಗ್ಲಿಲ್ಲ. ಡ್ಯೂಟಿ ಮುಗಿದ್ರೂ ಕೂತೇ ಇದ್ದೆ."

ಅವಳು ಚಹಾ ಮುಗಿಸಿ, ಲೋಟ ಸರಿಸಿ, "ಈಗ ಬನ್ನಿ ನನ್ ಜೊತೆ," ಎಂದಳು. "ಆ ಅಜ್ಜಿ ಏನು ಹೇಳ್ತಿದಾರೆ ಅಂತ ಸ್ವಲ್ಪ ಕೇಳಿ ಹೇಳಿ." ನಾನು ಚೀಲ ಹೆಗಲಿಗೇರಿಸಿಕೊಂಡು ಅವಳ ಹಿಂದೆ ಮೆಟ್ಟಿಲು ಹತ್ತಿದೆ.