ಸಂದರ್ಶನದ ಕೊನೆಯ ಪ್ರಶ್ನೆ

ಇವತ್ತು ಬೆಳಿಗ್ಗೆ ಕಪಾಟು ತೆಗೆದಾಗ ನುಸಿಗುಳಿಗೆಯ ವಾಸನೆಯೊಂದಿಗೆ ನನ್ನ ಹಳೆಯ ಟೈ ಕೈಗೆ ಬಂತು. ಕಾಲೇಜಿನ ದಿನಗಳಲ್ಲಿ ಯಾರೋ ಹಾಕಿಕೊಟ್ಟ ಗಂಟು ಇನ್ನೂ ಹಾಗೇ ಇದೆ. ಬಿಚ್ಚಿದರೆ ಮತ್ತೆ ಕಟ್ಟಲು ನನಗೆ ಬರುವುದಿಲ್ಲ. ನಗಬೇಡಿ, ರಾಯಚೂರಿನ ಬಿಸಿಲಿನಲ್ಲಿ ಟೈ ಕಟ್ಟುವುದನ್ನು ಕಲಿತವರು ಎಷ್ಟು ಮಂದಿ ಇದ್ದಾರು?

ಎಂಜಿನಿಯರಿಂಗಿನ ಕೊನೆಯ ವರ್ಷ ನಮ್ಮನ್ನು ಕೆಲಸಕ್ಕೆ ತಯಾರು ಮಾಡಲು ಹೊರಗಿನಿಂದ ಒಬ್ಬ ತರಬೇತುದಾರರು ಬಂದಿದ್ದರು. 'ನಾವು' ಅನ್ನಬೇಡಿ, 'ನಾನು' ಅನ್ನಿ. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಎಂದರು. ರಜೆಗೆ ದೇವದುರ್ಗಕ್ಕೆ ಹೋದವನು ಅಪ್ಪನ ಮೇಲೆಯೇ ಅಭ್ಯಾಸ ಶುರು ಮಾಡಿದೆ.

"ಯಾಕಲೇ, ಹಂಗ್ಯಾಕ ಗುರಾಯಿಸಾಕತ್ತಿ?" ಎಂದ ಅಪ್ಪ.

"ನೌಕರಿಗಿ ಹಿಂಗ ನೋಡ್ಬೇಕಂತ ಯಪ್ಪಾ."

"ಹಂಗ ನೋಡಿದ್ರ ಯಾರ್ ಕೊಡ್ತಾರ ನೌಕರಿ?"

ಅಪ್ಪನೂ ಸರಿ, ತರಬೇತುದಾರರೂ ಸರಿ ಅನ್ನಿಸಿ ತಲೆ ಗೊಂದಲದ ಗೂಡಾಯಿತು. ಆದರೆ ಕೆಲಸ ಬೇಕೇ ಬೇಕಿತ್ತು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಅಂತ ಅದುವರೆಗೆ ಯಾರೂ ತಂದಿರಲಿಲ್ಲ.

ಸಂದರ್ಶನದ ದಿನ ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅಧಿಕಾರಿಯ ಮುಖ ಬಾಡಿತ್ತು. ಕಲಿಸಿದ್ದನ್ನೆಲ್ಲ ಒಪ್ಪಿಸಿದೆ. ಕೊನೆಗೆ ಅವರು, "ನಮ್ಮನ್ನು ಏನಾದರೂ ಕೇಳುವುದಿದೆಯಾ?" ಎಂದರು. ಕಂಪನಿಯ ಬೆಳವಣಿಗೆಯ ಬಗ್ಗೆ ಕೇಳಬೇಕೆಂದು ಬಾಯಿಪಾಠ ಮಾಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಊಟ ಆತೇನ್ರೀ ಸರ?"

ನಮ್ಮ ಕಡೆ ಹೊತ್ತು ಮೀರಿ ಎದುರಿಗೆ ಕೂತವರನ್ನು ಇದೊಂದು ಮಾತು ಕೇಳದೆ ಎದ್ದು ಬರುವ ಪದ್ಧತಿಯಿಲ್ಲ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇಲ್ಲಪ್ಪ" ಎಂದರು. ಕೆಲಸ ಸಿಗಲಿಲ್ಲ. ಆ ಪ್ರಶ್ನೆಯಿಂದ ಹೋಯಿತೋ, ಅದಕ್ಕೂ ಮೊದಲೇ ಹೋಗಿತ್ತೋ, ಯಾರೂ ಹೇಳಲಿಲ್ಲ. ಇವತ್ತಿಗೂ ನನಗೆ ತಿಳಿದಿಲ್ಲ.

ಈಗ ನೋಡಿ, ಸಂದರ್ಶನದಲ್ಲಿ ಬಿದ್ದವನೇ ರಾಯಚೂರಿನ ಕಾಲೇಜೊಂದರಲ್ಲಿ ಸಂದರ್ಶನ ಕಲಿಸುತ್ತಿದ್ದೇನೆ. ಸಂದರ್ಶನದಲ್ಲಿ ಊಟದ ಮಾತು ಎತ್ತಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ತಪ್ಪದೆ ಹೇಳುತ್ತೇನೆ.

ಇವತ್ತು ಆ ಟೈ ಹಾಕಿಕೊಂಡೇ ಹೋಗಿದ್ದೆ. ಬಾಗಲವಾಡದಿಂದ ಬರುವ ನನ್ನ ವಿದ್ಯಾರ್ಥಿನಿ ಹುಲಿಗೆಮ್ಮನಿಗೆ ನಾಳೆ ಸಂದರ್ಶನ. ಮಧ್ಯಾಹ್ನ ಮೂರರವರೆಗೆ ಅವಳನ್ನು ತಯಾರು ಮಾಡಿದೆ. ಕೊನೆಗೆ ಅಧಿಕಾರಿಯ ಗತ್ತಿನಲ್ಲಿ, "ನಮ್ಮನ್ನು ಏನಾದರೂ ಕೇಳುವುದಿದೆಯಾ?" ಎಂದೆ.

ಅವಳು ನನ್ನ ಮುಖ ನೋಡಿದಳು. ಹೇಳಿಕೊಟ್ಟದ್ದೆಲ್ಲ ಮರೆತಳೇನೋ.

"ನಿಮ್ದು ಊಟ ಆತೇನ್ರೀ ಸರ?"

ತಿದ್ದಬೇಕಿತ್ತು. ನಾಳೆ ಇದೇ ಮಾತು ಬಾಯಿಗೆ ಬಂದರೆ ಅವಳ ಕೆಲಸ ಹೋದೀತು. ಆದರೆ ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಕೇಳಬೇಡಿ ಎಂದವನು ನಾನೇ ತಾನೆ. ನೋಡಿದರೆ, ನನ್ನ ಕೈಯ ಪೆನ್ನೂ ಮೇಜಿನ ಮೇಲಿತ್ತು.

"ಇಲ್ಲವ್ವಾ" ಎಂದೆ.