ಪಾಡ್ಯದ ತಕ್ಕಡಿಯಲ್ಲಿ ರೇಣವ್ವ

ಹೊಟ್ಟೆ ಉಬ್ಬಿದ ಹೆಂಗಸೆಲ್ಲ ಬಸುರಿಯಲ್ಲ, ಹೊಟ್ಟೆಬಾಕಿಯೂ ಅಲ್ಲ. ಇಷ್ಟು ತಿಳಿಯಲು ಡಾಕ್ಟರಿಕೆ ಓದಬೇಕಾಗಿಲ್ಲ. ಆದರೂ ಖಾನಾಪುರದ ಪೇಟೆಯಲ್ಲಿ ನಾಲ್ಕು ವರ್ಷ ಇದು ಯಾರಿಗೂ ಹೊಳೆಯಲಿಲ್ಲ.

ಅಲ್ಲಿ ತಮ್ಮಣ್ಣನದು ಬೆಲ್ಲ, ಎಣ್ಣೆ, ಶೇಂಗಾದ ಅಂಗಡಿ. ದೀಪಾವಳಿಯ ಪಾಡ್ಯದ ದಿನ ಎಲ್ಲ ಅಂಗಡಿಕಾರರಂತೆ ಅವನೂ ತಕ್ಕಡಿಯ ಪೂಜೆ ಮಾಡುತ್ತಿದ್ದ. ಪೂಜೆಯಾದ ಮೇಲೆ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಮೊದಲು ಕೂರಿಸುತ್ತಿದ್ದುದು ಹೆಂಡತಿ ರೇಣವ್ವನನ್ನು, ಮನೆಯ ಲಕ್ಷ್ಮಿ ಎಂದು. ಇದು ಅವನೇ ಹುಟ್ಟಿಸಿದ ಪದ್ಧತಿ. ವರ್ಷ ವರ್ಷ ಅವಳ ತೂಕ ಏರಿತು, ಅಂಗಡಿಯ ವ್ಯಾಪಾರವೂ ಏರಿತು. ಎರಡಕ್ಕೂ ಗಂಟು ಹಾಕಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ.

"ಈ ಸಲ ಲಕ್ಷ್ಮಿ ಎರಡ ಚೀಲ ಆಗ್ಯಾಳಲ್ಲೋ ತಮ್ಮಣ್ಣಾ," ಎನ್ನುತ್ತಿದ್ದರು ಗಿರಾಕಿಗಳು.

"ನಜರ್ ಹಚ್ಚಬ್ಯಾಡ್ರಿ," ಎಂದು ಅವನೂ ನಗುತ್ತಿದ್ದ.

ನಕ್ಕವರಲ್ಲಿ ಸಾಲಿ ಮಾಸ್ತರರೂ ಇದ್ದರು. ರೇಣವ್ವ ಸೆರಗು ಎಳೆದುಕೊಂಡು, ಸರಪಳಿ ಹಿಡಿದು, ನೆಲ ನೋಡುತ್ತ ಕೂತಿರುತ್ತಿದ್ದಳು. ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತದೆ ಎಂದು ಒಮ್ಮೆ ಅತ್ತೆ ಭರಮವ್ವನಿಗೆ ಹೇಳಿದ್ದಳು. "ಹಂಗಾರ ಇದೆಲ್ಲಾ ಗಾಳಿ ಕುಡದ ಬಂತೇನ?" ಎಂದಳು ಅತ್ತೆ. ಹಬ್ಬಕ್ಕೆ ಬಳೆ ತೊಡಿಸುವಾಗ ಸೊಸೆಗೆ ಹಿಂದಿನ ವರ್ಷದ ಅಳತೆ ಸಡಿಲವಾಗುತ್ತಿತ್ತು. ಅದೇ ವಾರ ತಕ್ಕಡಿಯಲ್ಲಿ ತೂಕ ಹೆಚ್ಚಾಗಿರುತ್ತಿತ್ತು. ತೋಳು ಕರಗಿ ಹೊಟ್ಟೆ ಬೆಳೆಯುವುದು ಎಂಥ ಲಕ್ಷ್ಮೀಕಳೆ ಎಂದು ಒಬ್ಬನೂ ಕೇಳಲಿಲ್ಲ.

೧೯೭೮ರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಬೆಳಗಾವಿಯ ದವಾಖಾನೆಗೆ ಒಯ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಇದು ಕೊಬ್ಬಲ್ಲ, ಗಡ್ಡೆ," ಎಂದರು. ಎರಡು ದಿನದಲ್ಲಿ ಕೊಯ್ದು ತೆಗೆದರು. ಒಂಬತ್ತು ಕಿಲೋ ಇತ್ತು. ಜೀವಕ್ಕೆ ಭಯವಿಲ್ಲ ಎಂದರು.

ಸಂಜೆ ರೇಣವ್ವನಿಗೆ ಎಚ್ಚರವಾದಾಗ ಗಂಟಲು ಒಣಗಿತ್ತು. ನೀರು ಕೊಡುವಂತಿರಲಿಲ್ಲ. ವಾರ್ಡಿನ ಆಯಾ, ಖಾಸಬಾಗದ ಮದರಬೀ, ಒದ್ದೆ ಹತ್ತಿಯಿಂದ ತುಟಿ ಒರೆಸಿದಳು.

"ಅಷ್ಟ ಚೀಪಬ್ಯಾಡ ಬೇಟಿ, ಹತ್ತಿನೂ ನುಂಗೀದಿ."

ರೇಣವ್ವ ರೂಢಿಯಂತೆ ಕೈಯನ್ನು ಹೊಟ್ಟೆಯ ಮೇಲಿಡಲು ಹೋದಳು. ಕೈ ಎಷ್ಟೋ ಕೆಳಗಿಳಿದು ಹೊಲಿಗೆಯ ಮೇಲಿನ ಪಟ್ಟಿಗೆ ತಾಗಿತು, ಕಣ್ಣು ಕತ್ತಲಿಟ್ಟಿತು. ನೋವು ತಗ್ಗಿದ ಮೇಲೆ ಎದುರಿಗೆ ನೋಡಿದಳು. ಮಂಚದ ಆ ತುದಿಯಲ್ಲಿ, ಚಾದರದ ಹೊರಗೆ, ಎರಡು ಪಾದಗಳಿದ್ದವು.

"ಅತ್ತಿ, ನನ್ನ ಕಾಲ ಕಾಣಾಕತ್ತಾವು," ಎಂದಳು ಪಕ್ಕದಲ್ಲಿ ಕೂತಿದ್ದ ಭರಮವ್ವನಿಗೆ.

"ಮತ್ತ ಎಲ್ಲಿ ಹೊಕ್ಕಾವ? ಸುಮ್ನ ಮಲ್ಕೊ."

"ಎಡಗಾಲಾಗ ಉಂಗರ ಇಲ್ಲ."

ಭರಮವ್ವ ಬಗ್ಗಿ ನೋಡಿದಳು. ಬೆರಳ ಮೇಲೆ ಕಾಲುಂಗುರದ ಗುರುತೂ ಉಳಿದಿರಲಿಲ್ಲ. ಬಿದ್ದು ತಿಂಗಳುಗಳೇ ಆಗಿರಬೇಕು. ಮುತ್ತೈದೆ ಸೊಸೆಯ ಕಾಲುಂಗುರ ಹೋದದ್ದು ತೊಟ್ಟವಳಿಗೆ ಕಂಡಿರಲಿಲ್ಲ, ಗಂಡನಿಗೆ ಕಂಡಿರಲಿಲ್ಲ, ಎಲ್ಲದರ ಮೇಲೂ ಕಣ್ಣಿಡುವ ಅತ್ತೆಗೂ ಕಂಡಿರಲಿಲ್ಲ. ಭರಮವ್ವ ಚಾದರ ಎಳೆದು ಪಾದ ಮುಚ್ಚಿದಳು. ಸೊಸೆ ಅತ್ತಲೇ ನೋಡುತ್ತಿರುವುದನ್ನು ಕಂಡು, ಮತ್ತೆ ಅವಳೇ ಸರಿಸಿದಳು.

ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರಿಗೆ ಜಾಗವಿಲ್ಲ. ತಮ್ಮಣ್ಣ ಹೊರಗಿನ ಪಡಸಾಲೆಯಲ್ಲಿ ಮಲಗಿದ. ಭರಮವ್ವ ಮಂಚದ ಬಾಜುವಿನಲ್ಲಿ ಚಾಪೆ ಹಾಸಿಕೊಂಡು, ಸೊಸೆ ನರಳಿದಾಗಲೆಲ್ಲ ಎದ್ದು ಹತ್ತಿ ಒದ್ದೆ ಮಾಡಿದಳು.

ಬೆಳಗಾದ ಕೂಡಲೇ ತಮ್ಮಣ್ಣ ಒಳಗೆ ಬಂದ. ರೇಣವ್ವ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆಯೆಂದು ತಿಳಿದು, ರಾತ್ರಿಯಿಡೀ ಕೊರೆದ ಚಿಂತೆಯನ್ನು ಅವನು ತಾಯಿಯ ಮುಂದೆ ತೆಗೆದ.

"ಯವ್ವಾ, ಪಾಡ್ಯ ಹತ್ರ ಬಂತು. ಒಂಬತ್ತ ಕಿಲೋ ಇಳದಾಳ. ಲಕ್ಷ್ಮಿ ತೂಕ ಇಳದ್ರ ಅಂಗಡಿಗೆ ಚಲೋ ಅಲ್ಲ. ಉಡಿಯಾಗ ಹತ್ತ ಕಿಲೋದ ಒಂದ ಬೆಲ್ಲದ ಪೆಂಟಿ ಇಟ್ಟ ಕುಂದರಸೂಣು. ಉಡಿ ತುಂಬಿದಂಗೂ ಆಕ್ಕೈತಿ."

ರೇಣವ್ವ ಕಣ್ಣು ತೆರೆದಳು. ಗಂಡನ ಮುಂದೆ ದನಿ ಎತ್ತಿದವಳಲ್ಲ. ಈಗ ಎತ್ತುವ ಶಕ್ತಿಯೂ ಇರಲಿಲ್ಲ.

"ಆ ಒಂಬತ್ತ ಕಿಲೋ ಇಲ್ಲೇ ದವಾಖಾನ್ಯಾಗ ಐತ್ರಿ. ಬೇಕಾದ್ರ ಅದನ್ನ ಒಯ್ದ ತೂಗ್ರಿ. ನಾ ಇನ್ನ ಕುಂದರಂಗಿಲ್ಲ."

ಪಕ್ಕದ ಹಾಸಿಗೆ ಸರಿಮಾಡುತ್ತಿದ್ದ ಮದರಬೀ ತಿರುಗಿದಳು. "ಕಟ್ಟಿ ಕೊಡೂದೇನ್ರಿ ಸಾವಕಾರ್ರ? ಚೀಲ ತಂದೀರಿ?"

ತಮ್ಮಣ್ಣ ತಾಯಿಯ ಮುಖ ನೋಡಿದ. ಎಂದಿನಂತೆ ಅವಳು ಸೊಸೆಯನ್ನು ಗದರುತ್ತಾಳೆ ಎಂದುಕೊಂಡಿದ್ದ.

"ಪ್ಯಾಟಿಗೆ ಹೋಗಿ ಒಂದ ಕಾಲುಂಗರ ತಗೊಂಡ ಬಾ," ಎಂದಳು ಭರಮವ್ವ. "ಪಾಡ್ಯೇದ ಮಾತ ಮತ್ತ ತಗೀಬ್ಯಾಡ."

ಆ ವರ್ಷದ ಪಾಡ್ಯಕ್ಕೆ ತಮ್ಮಣ್ಣ ತಕ್ಕಡಿಯಲ್ಲಿ ಒಂದು ತೆಂಗಿನಕಾಯಿ ಇಟ್ಟು ಪೂಜೆ ಮುಗಿಸಿದ. ಲಕ್ಷ್ಮಿ ಎಲ್ಲಿ ಎಂದು ಗಿರಾಕಿಗಳು ಕೇಳಿದರು. "ಒಳಗ ಉಣ್ಣಾಕತ್ತಾಳ," ಎಂದ. ಖರೇ ಉಣ್ಣುತ್ತಿದ್ದಳು, ಎರಡನೆಯ ಹೋಳಿಗೆ. ಅಂಗಡಿ ಮುಳುಗಲಿಲ್ಲ. ನಾಲ್ಕು ವರ್ಷ ನಕ್ಕವರಲ್ಲಿ ಒಬ್ಬನೂ ಆ ಮನೆಯ ಹೊಸ್ತಿಲಿಗೆ ಬಂದು ತಪ್ಪಾಯಿತು ಎನ್ನಲಿಲ್ಲ.

ನೀವೂ ಯಾರನ್ನೋ ನೋಡಿ ನಕ್ಕಿದ್ದೀರಿ. ಯಾರೆಂದು ನಿಮಗೆ ಗೊತ್ತು. ಅವಳ ಬಳೆ ಸಡಿಲವಾಗಿದೆಯೇ, ಊಟ ಸೇರುತ್ತದೆಯೇ ಎಂದು ಇವತ್ತೇ ಕೇಳಿ. ಊಟ ಸೇರುತ್ತಿಲ್ಲ ಎಂದರೆ ನಾಳೆ ಬೆಳಗಿನ ಗಾಡಿಗೆ ಅವಳ ಜೊತೆ ನೀವೇ ಹತ್ತಿ, ದವಾಖಾನೆಗೆ ಕರೆದೊಯ್ಯಿರಿ.